ಉತ್ತರ ದಿಕ್ಕು ಉಲ್ಟಾ ಇದ್ದ ಕಾಲವನ್ನು ಕಲ್ಲಿನಲ್ಲಿ ಕಂಡ ಮೊತೊನೊರಿ ಮತುಯಾಮ

ಮಲ್ಪೆಯಿಂದ ಬೋಟು ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಅಲ್ಲಿನ ಕಲ್ಲಿನ ಕಂಬಗಳು ನೆನಪಿರುತ್ತವೆ. ಯಾರೋ ಕೆತ್ತಿ ಸಾಲಾಗಿ ನಿಲ್ಲಿಸಿದ ಹಾಗೆ ಕಂಡರೂ ಅವು ಲಾವಾ ತಣಿಯುವಾಗ ಬಿರಿದು ಆದ ಕಂಬಗಳು. ಜಪಾನಿನ ಹ್ಯೋಗೋ ಪ್ರಾಂತ್ಯದ ಗೆಂಬುಡೋ ಗುಹೆಯಲ್ಲೂ ಇಂಥದೇ ಕಂಬಗಳಿವೆ. 1926ರ ಏಪ್ರಿಲ್‌ನಲ್ಲಿ ಕ್ಯೋಟೋ ಇಂಪೀರಿಯಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮೊತೊನೊರಿ ಮತುಯಾಮ ಅಲ್ಲಿನ ಕಪ್ಪು ಬಸಾಲ್ಟ್ ಕಲ್ಲೊಂದನ್ನು ಪರೀಕ್ಷೆಗೆ ತಗೊಂಡರು. ಕಲ್ಲಿನೊಳಗಿನ ಕಾಂತತ್ವದ ದಿಕ್ಕು ಉಲ್ಟಾ ಇತ್ತು.

ಇದರಲ್ಲಿ ಏನು ದೊಡ್ಡ ವಿಷಯ ಅಂತ ಅನಿಸಬಹುದು. ಭೂಮಿಯೊಳಗೆ ಸುಮಾರು 2,900 ಕಿಲೋಮೀಟರ್ ಇಳಿದರೆ ಕರಗಿದ ಕಬ್ಬಿಣದ ಒಂದು ಪದರ ಸಿಗುತ್ತದೆ. ಆ ಕಬ್ಬಿಣದ ಹರಿದಾಟದಿಂದಲೇ ಇಡೀ ಭೂಮಿ ಒಂದು ಅಯಸ್ಕಾಂತವಾಗಿರುವುದು. ಲಾವಾದಲ್ಲಿರುವ ಕಬ್ಬಿಣದ ಖನಿಜದ ಕಣಗಳು ತಣಿಯುವಾಗ ಆ ಹೊತ್ತಿನ ಉತ್ತರ ದಿಕ್ಕನ್ನು ಹಿಡಿದುಕೊಂಡುಬಿಡುತ್ತವೆ. ಕ್ಯಾಶ್‌ಬುಕ್ಕಿನಲ್ಲಿ ಇಂಕಿನಿಂದ ಬರೆದ ಎಂಟ್ರಿ ಇದ್ದ ಹಾಗೆ, ಆಮೇಲೆ ಸುಲಭಕ್ಕೆ ಅಳಿಸಲಾಗದು. ದಿಕ್ಸೂಚಿ ಹಿಡಿದು ಕಿಬ್ಲಾ ನೋಡುವವರಿಗೂ, ಕಡಲಿಗಿಳಿಯುವ ಮೀನುಗಾರರಿಗೂ ಉತ್ತರ ಅಂದರೆ ಉತ್ತರವೇ. ಗೆಂಬುಡೋ ಕಲ್ಲು ಮಾತ್ರ ಬೇರೆಯೇ ಲೆಕ್ಕ ಹೇಳುತ್ತಿತ್ತು.

ಮತುಯಾಮ ಹುಟ್ಟಿದ್ದು 1884ರ ಅಕ್ಟೋಬರ್ 25ರಂದು, ಈಗಿನ ಓಯಿತಾ ಪ್ರಾಂತ್ಯದ ಉಸಾದಲ್ಲಿ. ತಂದೆ ಝೆನ್ ಬೌದ್ಧ ಮಠದ ಗುರುಗಳು. ಹಿರೋಶಿಮಾದಲ್ಲಿ ಶಿಕ್ಷಕರ ಕಾಲೇಜು ಮುಗಿಸಿ ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಮಾಡಿದರು. 1908ರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕ್ಯೋಟೋಗೆ ಬಂದರು. 1910ರಲ್ಲಿ ಮದುವೆಯಾದಾಗ ಹೆಂಡತಿಯ ಮನೆಯವರು ಅವರನ್ನು ದತ್ತು ತೆಗೆದುಕೊಂಡರು. ಮತುಯಾಮ ಅನ್ನುವುದು ಹಾಗೆ ಬಂದ ಮನೆತನದ ಹೆಸರು.

ಕ್ಯೋಟೋದಲ್ಲಿ ಗುರು ತೋಶಿ ಶಿದಾ ಜೊತೆ ಅವರು ಮೊದಲು ಹಿಡಿದ ಕೆಲಸ, ಚಂದ್ರ ಸೂರ್ಯರ ಸೆಳೆತಕ್ಕೆ ಭೂಮಿ ಎಷ್ಟು ಬಾಗುತ್ತದೆ ಎಂಬುದನ್ನು ಅಳೆಯುವುದು. ಸಮುದ್ರಕ್ಕೆ ಮಾತ್ರವಲ್ಲ, ಗಟ್ಟಿ ನೆಲಕ್ಕೂ ಉಬ್ಬರ ಇಳಿತ ಇದೆ. ಆಮೇಲೆ ಎರಡು ವರ್ಷದಷ್ಟು ಕಾಲ ಅಮೆರಿಕದ ಶಿಕಾಗೋದಲ್ಲಿದ್ದು ಹಿಮನದಿಯ ಮಂಜು ಹೇಗೆ ಸರಿಯುತ್ತದೆ ಅಂತ ನೋಡಿದರು. ವಾಪಸು ಬಂದು 1922ರಲ್ಲಿ ಪ್ರೊಫೆಸರ್ ಆದರು.

ಉಲ್ಟಾ ಕಾಂತತ್ವದ ಕಲ್ಲನ್ನು ಮೊದಲು ಕಂಡವರು ಇವರಲ್ಲ. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ 1906ರಲ್ಲೇ ಅಂಥದ್ದನ್ನು ತೋರಿಸಿದ್ದರು, ಹೆಚ್ಚಿನವರು ಕಿವಿಗೊಟ್ಟಿರಲಿಲ್ಲ. ಸಿಡಿಲು ಬಡಿದಿರಬಹುದು ಎಂದು ಹೇಳಿ ಬಿಟ್ಟುಬಿಡುವುದು ಸುಲಭವಿತ್ತು. ಮತುಯಾಮ ಬಿಡಲಿಲ್ಲ. ಜಪಾನ್, ಕೊರಿಯಾ, ಮಂಚೂರಿಯಾದಿಂದ ನೂರಕ್ಕೂ ಹೆಚ್ಚು ಕಲ್ಲು ಸೇರಿಸಿದರು. ಅವು ಎರಡು ಗುಂಪಾದವು. ಒಂದು ಇವತ್ತಿನ ಉತ್ತರಕ್ಕೆ ಹತ್ತಿರ, ಇನ್ನೊಂದು ಅದಕ್ಕೆ ತದ್ವಿರುದ್ಧ. ಯಾವ ಕಲ್ಲು ಯಾವ ಕಾಲದ್ದು ಅನ್ನುವುದನ್ನೂ ಅವರು ಜೊತೆಗಿಟ್ಟು ನೋಡಿದರು. ದೊಡ್ಡ ಕೆಲಸ ಅದೇ. ಭೂಮಿಯ ಅಯಸ್ಕಾಂತವೇ ಒಂದು ಕಾಲದಲ್ಲಿ ತಿರುಗಿತ್ತು ಎಂದು 1929ರಲ್ಲಿ ಪ್ರಕಟಿಸಿದರು.

ಜಗತ್ತು ಒಪ್ಪಲಿಲ್ಲ. ಖಂಡಗಳು ಚಲಿಸುತ್ತವೆ ಎಂದ ಜರ್ಮನಿಯ ಆಲ್ಫ್ರೆಡ್ ವೆಗೆನರ್‌ಗೆ ನಗೆಚಾಟಿಕೆ ಕೇಳಬೇಕಾಗಿದ್ದ ಕಾಲ ಅದು. ಮತುಯಾಮ ತಮ್ಮ ಪಾಡಿಗೆ ಗುರುತ್ವ ಅಳೆಯಲು ಹೊರಟರು. 1934ರಲ್ಲಿ ನೌಕಾಪಡೆಯ ಸಬ್‌ಮರೀನ್‌ನಲ್ಲಿ ಉಪಕರಣ ಇಟ್ಟು ಜಪಾನ್ ಕಂದಕದ ಮೇಲೆ ಅಳತೆ ತೆಗೆದರು. ಪೆಸಿಫಿಕ್ ಸಾಗರದ ತಳ ಜಪಾನಿನ ಅಡಿಗೆ ನುಗ್ಗುವುದು ಅಲ್ಲೇ ಎಂದು ಜಗತ್ತಿಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ.

1944ರಲ್ಲಿ ನಿವೃತ್ತಿ. 1949ರಲ್ಲಿ ಯಾಮಾಗುಚಿ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು. ಅಷ್ಟರಲ್ಲಿ ಜಪಾನಿನವರೇ ಬೇರೊಂದು ಪೆಟ್ಟು ಕೊಟ್ಟರು. 1950ರ ದಶಕದ ಆರಂಭದಲ್ಲಿ ಹರುನಾ ಜ್ವಾಲಾಮುಖಿಯ ಕಲ್ಲು, ಭೂಮಿ ತಿರುಗದೆಯೂ ತಾನಾಗಿಯೇ ಉಲ್ಟಾ ಕಾಂತತ್ವ ಪಡೆಯುತ್ತದೆ ಎಂದು ಪ್ರಯೋಗದಲ್ಲಿ ಕಂಡುಬಂತು. ಹಾಗಾದರೆ ಮತುಯಾಮ ಹೇಳಿದ್ದು ಸುಳ್ಳೇ? ಆ ಪ್ರಶ್ನೆ ತೀರ್ಮಾನವಾಗುವ ಮೊದಲೇ, 1958ರ ಜನವರಿ 27ರಂದು, ಅವರು ತೀರಿಕೊಂಡರು.

ಆರೇ ವರ್ಷ. ಕಲ್ಲಿನ ವಯಸ್ಸನ್ನು ಸರಿಯಾಗಿ ಎಣಿಸುವ ವಿಧಾನ ಬಂದ ಮೇಲೆ, ಬೇರೆ ಬೇರೆ ಜಾಗದ ಒಂದೇ ವಯಸ್ಸಿನ ಕಲ್ಲುಗಳು ಒಂದೇ ದಿಕ್ಕು ಹೇಳುತ್ತಿರುವುದು ಕಂಡಿತು. ಹರುನಾ ಕಲ್ಲು ಅಪರೂಪದ ಜಾತಿಯದು, ಅಷ್ಟೇ. 1964ರಲ್ಲಿ ಅಮೆರಿಕದ ಕಾಕ್ಸ್, ಡೋಲ್, ಡಾಲ್‌ರಿಂಪಲ್ ಮೂವರೂ ಸೇರಿ ಉತ್ತರ ತಿರುಗಿದ್ದ ಆ ಅವಧಿಗೆ ಮತುಯಾಮ ಯುಗ ಎಂದೇ ಹೆಸರಿಟ್ಟರು. ಈಗಿನ ಲೆಕ್ಕದಲ್ಲಿ ಅದು ಸುಮಾರು 25.8 ಲಕ್ಷ ವರ್ಷದ ಹಿಂದೆ ಶುರುವಾಗಿ 7.7 ಲಕ್ಷ ವರ್ಷದ ಹಿಂದೆ ಮುಗಿಯಿತು.

ಸಾಗರದ ತಳದಲ್ಲಿ ನೆಲ ಬಿರಿದು ಹೊಸ ಲಾವಾ ಬರುತ್ತದೆ, ತಣಿದು ಎರಡೂ ಕಡೆ ಸರಿಯುತ್ತದೆ. ಹಾಗಾಗಿ ನೇರ ಒಂದು ಪಟ್ಟಿ, ಉಲ್ಟಾ ಒಂದು ಪಟ್ಟಿ, ಆಚೆ ಈಚೆ ಸಮನಾಗಿ ಬೀಳುತ್ತವೆ. ಪಟ್ಟಿಯ ಅಗಲವನ್ನು ವಯಸ್ಸಿನಿಂದ ಭಾಗಿಸಿದರೆ ಖಂಡ ಎಷ್ಟು ವೇಗದಲ್ಲಿ ಸರಿಯಿತು ಅಂತ ಸಿಕ್ಕಿಬಿಡುತ್ತದೆ. ವೆಗೆನರ್ ಹೇಳಿದ್ದು ನಿಜವಾಗಿದ್ದು ಈ ಲೆಕ್ಕದಿಂದ. ಜಿದ್ದಾದ ಕಡಲ ಕಿನಾರೆಯ ಮುಂದಿರುವ ಕೆಂಪು ಸಮುದ್ರದ ತಳದಲ್ಲೂ ಇಂಥ ಪಟ್ಟಿಗಳಿವೆ. ಅರೇಬಿಯಾ ಆಫ್ರಿಕಾದಿಂದ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ದೂರವಾಗುತ್ತಾ ಇರಾನಿನ ಕಡೆ ಒತ್ತುತ್ತಿದೆ. ಇರಾನಿನಲ್ಲಿ ಭೂಮಿ ನಡುಗಿದಾಗ ದುಬೈಯ ಎತ್ತರದ ಕಟ್ಟಡಗಳಲ್ಲಿರುವವರಿಗೂ ಅದು ಗೊತ್ತಾಗುವುದುಂಟು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲೂ ದಖ್ಖನ್‌ನ ಬಸಾಲ್ಟೇ. 1956ರಲ್ಲಿ ಪ್ರಕಟವಾದ ದಖ್ಖನ್ ಕಲ್ಲುಗಳ ಕಾಂತತ್ವದ ಅಧ್ಯಯನ, ಆ ಲಾವಾ ಹರಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂದು ತೋರಿಸಿತ್ತು.

2020ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಭೂಮಿಯ ಇತಿಹಾಸದ ಒಂದು ಕಾಲಘಟ್ಟಕ್ಕೆ ಜಪಾನಿನ ಚಿಬಾ ಪ್ರಾಂತ್ಯದ ಹೆಸರು ಕೊಟ್ಟು ಚಿಬೇನಿಯನ್ ಎಂದು ಕರೆಯಿತು. ಅದರ ಆರಂಭಕ್ಕೆ ಹಿಡಿದ ಗುರುತು, ಮತುಯಾಮ ಯುಗ ಮುಗಿದು ಉತ್ತರ ಮತ್ತೆ ಉತ್ತರವಾದ ಹೊತ್ತು.