ಹೈದರಾಲಿಯೂ ಅವನ ಓಟದ ಎತ್ತುಗಳೂ

ಹೈದರಾಲಿಯ ವಿಷಯವಾಗಿ ಬರೆದವರು ಅನೇಕರು. ಕೆಲವರು ಅವನನ್ನು ಮಹಾವೀರನೆಂದು ಕೊಂಡಾಡಿದರೆ, ಮತ್ತೆ ಕೆಲವರು ಒಡೆಯರ ಸಿಂಹಾಸನವನ್ನು ನುಂಗಿದವನೆಂದು ಹಳಿದಿದ್ದಾರೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ನಾನು ಹೇಳಹೊರಟಿರುವುದು ಅವನ ವೇಗದ ಕಥೆಯನ್ನು. ಹಳೆಯ ಓಟದ ಕಾರುಗಳಲ್ಲಿ ಆಸಕ್ತಿಯುಳ್ಳವರು ಒಂದೊಂದು ಕಾರಿಗೂ ಜಾತಕ ಬರೆದಿಡುತ್ತಾರೆ. ಯಾವ ವರ್ಷ ಅದು ಯಾರ ಒಡೆತನದಲ್ಲಿತ್ತು, ಎಲ್ಲಿ ಓಡಿತು, ಎಲ್ಲಿ ಗೆದ್ದಿತು, ಎಲ್ಲಿ ಮುಗ್ಗರಿಸಿತು ಎಂಬುದೆಲ್ಲ ಅದರಲ್ಲಿರುತ್ತದೆ. ಹೈದರನ ಕಾಲಕ್ಕೆ ನಮ್ಮ ನಾಡಿನಲ್ಲಿ ಯಂತ್ರದ ವಾಹನವಿರಲಿಲ್ಲ. ಆದರೆ ತೋಪಿನ ಗಾಡಿಯನ್ನು ಎಳೆದು ಓಡುವ ಎತ್ತು ಇದ್ದಿತು. ಆ ಎತ್ತಿಗೂ ಒಂದು ಜಾತಕವುಂಟು. ಒಡೆಯನ ಚರಿತ್ರೆಯನ್ನೂ ಎತ್ತಿನ ಜಾತಕವನ್ನೂ ಜೊತೆಗೂಡಿಸಿ ನೋಡಿದರೆ ಎರಡೂ ಚೆನ್ನಾಗಿ ತಿಳಿಯುತ್ತವೆಂದು ನನಗೆ ತೋರುತ್ತದೆ.

ಹೈದರನು ಹುಟ್ಟಿದುದು ಸುಮಾರು 1720ರ ಹೊತ್ತಿಗೆ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದನು ಸಿರಾದ ನವಾಬನ ಕಡೆಯ ಸೇನಾನಾಯಕ. ಮಗನು ಇನ್ನೂ ಬಾಲಕನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದನು. ಅನಾಥರಾದ ಮಕ್ಕಳು ಬಂಧುಗಳ ಆಶ್ರಯದಲ್ಲಿ ಬೆಳೆದರು. ಅಣ್ಣನು ಮೈಸೂರಿನ ಸೇನೆ ಸೇರಿದನು. ತಮ್ಮನೂ ಅವನನ್ನು ಹಿಂಬಾಲಿಸಿದನು. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೈದರನ ಧೈರ್ಯವು ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದಿತು. 1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿಂದ ಮುಂದೆ ಅವನು ಹಿಂದಿರುಗಿ ನೋಡಲಿಲ್ಲ.

ಇತ್ತ ಎತ್ತಿನ ಜಾತಕವು ಹೈದರನಿಗಿಂತ ಹಳೆಯದು. ವಿಜಯನಗರದ ಕಾಲದಲ್ಲಿಯೇ ಶ್ರೀರಂಗಪಟ್ಟಣದ ಪ್ರತಿನಿಧಿಗಳು ಹಳ್ಳಿಕಾರ್ ತಳಿಯ ಹಸುಗಳನ್ನು ತಂದು ಸಾಕಿದರೆಂದು ಹೇಳುತ್ತಾರೆ. ಆ ಮಂದೆಯು ಮೈಸೂರು ಒಡೆಯರ ಕೈಗೆ ಬಂದಿತು. ಚಿಕ್ಕದೇವರಾಜ ಒಡೆಯರು (1672–1704) ಅದಕ್ಕೆ ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ಏರ್ಪಡಿಸಿ, ಮೇವಿಗಾಗಿ ರಾಜ್ಯದ ನಾನಾ ಕಡೆ ಕಾವಲುಗಳನ್ನು ಬಿಟ್ಟುಕೊಟ್ಟರು. ಹೆಸರೇ ಹೇಳುವಂತೆ ಅದರ ಕೆಲಸ ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು. ಹಸುವಿನ ಹಾಲು ಅರಮನೆಗೆ ಹೋಯಿತು. ಅದರ ಗಂಡುಕರುವಿನ ಕಾಲಿನಲ್ಲಿ ಏನಿದೆಯೆಂಬುದನ್ನು ಯುದ್ಧದ ದೃಷ್ಟಿಯಿಂದ ಪೂರ್ಣವಾಗಿ ಅರಿತವನು ಹೈದರನು.

ಈ ತಳಿಯ ಎತ್ತು ನೋಡಲು ಭಾರಿಯಲ್ಲ. ಬೂದು ಬಣ್ಣ, ನೀಳವಾದ ಮುಖ, ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿ ಚೂಪಾದ ಉದ್ದನೆಯ ಕೊಂಬು, ಸಣ್ಣದಾದ ಗಟ್ಟಿ ಗೊರಸು, ಸೆಟೆದ ಮೈ, ಕೆರಳುವ ಸ್ವಭಾವ. ಕಾವಲಿನಲ್ಲಿ ಅರೆಕಾಡು ಮೃಗದಂತೆ ಬೆಳೆದುದರಿಂದ ಹಸಿವು ಬಿಸಿಲುಗಳನ್ನು ತಾಳುವ ಶಕ್ತಿ ಅದಕ್ಕುಂಟು. ಸಾಮಾನ್ಯ ಎತ್ತು ನಡೆಯುವ ಕಡೆ ಇದು ಓಡುತ್ತದೆ. ಓಡಿದ ಮೇಲೂ ಮರುದಿನ ನೊಗಕ್ಕೆ ಕತ್ತು ಕೊಡುತ್ತದೆ.

ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಮಾತ್ರ ಕಲಿತಿದ್ದು, ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದನೆಂದು ಪ್ರತೀತಿಯಿದೆ. ಆದರೆ ಐದು ಭಾಷೆಗಳನ್ನು ಆಡಬಲ್ಲವನಾಗಿದ್ದನು. ಲೆಕ್ಕವನ್ನು ಬಾಯಲ್ಲಿಯೇ ಹಿಡಿಯುತ್ತಿದ್ದನು. ಕುದುರೆಯನ್ನೂ ಆಳನ್ನೂ ಒಂದೇ ನೋಟದಲ್ಲಿ ಅಳೆಯುತ್ತಿದ್ದನು. ಇದನ್ನು ಓದಿದಾಗ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಾತನವರಿಗೆ ಹೆಬ್ಬೆಟ್ಟಿನ ಗುರುತೇ ರುಜು. ಆದರೂ ಸುಳಿ ನೋಡಿ, ಗೊರಸು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಈ ಹೋರಿ ಎಷ್ಟು ದೂರ ಬಾಳುತ್ತದೆಂದು ಅವರು ಹೇಳಿದರೆ ಊರಿನಲ್ಲಿ ಎದುರು ಮಾತಿರಲಿಲ್ಲ. ಅಕ್ಷರವಿಲ್ಲದವರಲ್ಲಿ ವಿದ್ಯೆಯಿಲ್ಲವೆಂದು ತಿಳಿಯುವುದು ನಮ್ಮಂತಹ ಓದಿದವರ ಅವಿವೇಕ. ಹೈದರನ ವಿದ್ಯೆಯೂ ಇದೇ ಜಾತಿಯದು.

ಅವನ ಬಾಳಿನ ಮೊದಲ ದೊಡ್ಡ ಓಟ ಸೋಲಿನ ಓಟವೇ ಆಗಿತ್ತು. 1760ರ ಆಗಸ್ಟ್ ತಿಂಗಳಿನಲ್ಲಿ, ಅವನೇ ಮೇಲೆತ್ತಿದ ಖಂಡೇರಾಯನು ಅರಮನೆಯ ಪಕ್ಷ ಸೇರಿ, ಮರಾಠರ ನೆರವಿನಿಂದ ಶ್ರೀರಂಗಪಟ್ಟಣದಲ್ಲಿಯೇ ಅವನ ಮೇಲೆ ಬಿದ್ದನು. ಹೈದರನ ಸೇನೆಯ ಬಹುಭಾಗವು ಆಗ ಆರ್ಕಾಟಿನ ಕಡೆ ಇದ್ದಿತು. ಹೆಂಡತಿ, ಮಕ್ಕಳು, ತೋಪು, ಬೊಕ್ಕಸ ಎಲ್ಲವನ್ನೂ ಬಿಟ್ಟು, ಕೆಲವೇ ರಾವುತರೊಡನೆ ರಾತ್ರಿಯಲ್ಲಿ ಕಾವೇರಿಯನ್ನು ದಾಟಿ ಆನೇಕಲ್ಲಿನ ಕಡೆಗೆ ಕುದುರೆಯೋಡಿಸಿದನು. ಅಲ್ಲಿಂದ ಬೆಂಗಳೂರನ್ನು ಸೇರಿಕೊಂಡನು. ಸುಮಾರು ಹತ್ತು ವರ್ಷದ ಟಿಪ್ಪು ಹಿಂದೆ ಶತ್ರುಗಳ ಕೈಯಲ್ಲಿಯೇ ಉಳಿದನು. ಮರುವರ್ಷ ಹೈದರನು ತಂತ್ರದಿಂದ ಖಂಡೇರಾಯನನ್ನು ಸೋಲಿಸಿ ರಾಜ್ಯದ ಸೂತ್ರ ಹಿಡಿದನು. ಒಡೆಯರ ಹೆಸರು ಉಳಿಯಿತು, ಅಧಿಕಾರ ಹೈದರನದಾಯಿತು. ಬೆಣ್ಣೆ ಚಾವಡಿಯ ಮಂದೆಗೂ ಆಗ ಹೊಸ ಯಜಮಾನನು ಬಂದಂತಾಯಿತು.

1763ರಲ್ಲಿ ಬಿದನೂರು ಅವನ ವಶವಾಗಿ ಹೈದರನಗರವೆನಿಸಿತು. 1767ರಲ್ಲಿ ಇಂಗ್ಲಿಷ್ ಕಂಪೆನಿಯೊಡನೆ ಯುದ್ಧ ಮೊದಲಾಯಿತು. ಆ ಯುದ್ಧದ ಕೊನೆಯ ಆಟವು ಜಗತ್ಪ್ರಸಿದ್ಧವಾದುದು. 1769ರ ಮಾರ್ಚ್ ತಿಂಗಳಿನಲ್ಲಿ ಹೈದರನು ತನ್ನ ದೊಡ್ಡ ಸೇನೆಯನ್ನೂ ಸಾಮಾನು ಸರಂಜಾಮನ್ನೂ ಹಿಂದಕ್ಕೆ ಕಳುಹಿಸಿ, ಆರು ಸಾವಿರ ಕುದುರೆ ಸವಾರರನ್ನೂ ಸ್ವಲ್ಪ ಕಾಲಾಳುಗಳನ್ನೂ ಮಾತ್ರ ಆಯ್ದುಕೊಂಡು, ಮೂರೂವರೆ ದಿನದಲ್ಲಿ 130 ಮೈಲಿ ನಡೆದು ಮದರಾಸಿನ ಬಾಗಿಲಲ್ಲಿ ನಿಂತನು. ಕಂಪೆನಿಯವರು ಅವನು ಹೇಳಿದಂತೆ ಒಪ್ಪಂದಕ್ಕೆ ಬಂದರು. ಈ ಓಟದಲ್ಲಿ ತೋಪು ಇರಲಿಲ್ಲ, ಎತ್ತೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ವೇಗ ಬೇಕಾದಾಗ ಭಾರವನ್ನು ಬಿಟ್ಟುಬಿಡುವುದು ಸುಲಭ. ಭಾರವನ್ನು ಹೊತ್ತುಕೊಂಡೇ ವೇಗವಾಗಿ ಹೋಗುವುದು ಹೇಗೆ? ಆ ಪಾಠವನ್ನು ಕಲಿಸಿದುದು ನಮ್ಮ ಪಾಂಡವಪುರದ ನೆಲ.

1771ರ ಮಾರ್ಚ್ ತಿಂಗಳಿನಲ್ಲಿ ಹೈದರನು ಮೇಲುಕೋಟೆಯ ಬೆಟ್ಟಗಳ ಬಳಿ ತಂಗಿದ್ದನು. ತ್ರ್ಯಂಬಕರಾಯನ ಮರಾಠಾ ಸೇನೆ ಸುತ್ತುಗಟ್ಟಿತ್ತು. ರಾತ್ರಿಯ ಕತ್ತಲಲ್ಲಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳಬೇಕೆಂದು ಸೇನೆ ಹೊರಟಿತು. ಆದರೆ ಗುಟ್ಟು ರಟ್ಟಾಯಿತು. ತೊಣ್ಣೂರು ಕೆರೆಯ ದಾರಿಯಲ್ಲಿ ಚಿನಕುರಳಿಯ ಬಳಿ ಬೆಳಗಾಗುವ ಹೊತ್ತಿಗೆ ವ್ಯೂಹ ಒಡೆದು, ಸೇನೆ ಚೆಲ್ಲಾಪಿಲ್ಲಿಯಾಯಿತು. ತೋಪುಗಳು ಶತ್ರುವಿನ ಪಾಲಾದವು. ಹೈದರನು ಕುದುರೆಯೇರಿ ಕೋಟೆಗೆ ಓಡಿದನು. ಟಿಪ್ಪು ವೇಷ ಮರೆಸಿಕೊಂಡು ಪಾರಾದನು. ಮೇಲುಕೋಟೆ ಸೂರೆಯಾಯಿತು. ದಾರಿ ಹತ್ತಿರ, ನೆಲ ಪರಿಚಿತ, ಎತ್ತು ಉತ್ತಮ. ಆದರೂ ತೋಪು ಉಳಿಯಲಿಲ್ಲ. ವೇಗವೆಂಬುದು ಕಾಲಿನಲ್ಲಿ ಮಾತ್ರ ಇರುವುದಲ್ಲ, ಕ್ರಮದಲ್ಲಿಯೂ ಇರುತ್ತದೆ.

ಮುಂದಿನ ಹತ್ತು ವರ್ಷಗಳಲ್ಲಿ ಹೈದರನು ಕಳೆದುಕೊಂಡ ಸೀಮೆಗಳನ್ನು ಮತ್ತೆ ಸಂಪಾದಿಸಿದನು. 1779ರಲ್ಲಿ ಚಿತ್ರದುರ್ಗ ಬಿದ್ದಿತು. ಪಾಳೆಯಗಾರರ ದನದ ಮಂದೆಗಳೂ ಕೋಟೆಗಳೊಡನೆ ಕೈಬದಲಾಗಿ ಮೈಸೂರಿನ ಮಂದೆಗೆ ಕೂಡಿಕೊಂಡವು. ರಾಜ್ಯದ ನಾನಾ ಕಡೆ ಅವನು ಅರವತ್ತು ಸಾವಿರ ಎತ್ತುಗಳನ್ನು ಇಟ್ಟಿದ್ದನೆಂದು ಹೇಳಿಕೆಯಿದೆ. 1780ರಲ್ಲಿ ಅವನು ಕರ್ನಾಟಕ್ ಸೀಮೆಗೆ, ಎಂದರೆ ಆರ್ಕಾಟಿನ ನಾಡಿಗೆ ಇಳಿದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆ ನಾಶವಾಯಿತು. ಆ ದಂಡಯಾತ್ರೆಯಲ್ಲಿ ಹಳ್ಳಿಗಳು ಸುಟ್ಟವು, ಬಡ ರೈತರು ದಿಕ್ಕುಗೆಟ್ಟರು. ಅದನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅಪಚಾರ.

1781ರ ಜೂನ್ ತಿಂಗಳಿನಲ್ಲಿ ಸರ್ ಐರ್ ಕೂಟನು ಚಿದಂಬರವನ್ನು ಮುತ್ತಿದನು. ಸುದ್ದಿ ತಿಳಿದ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಅಲ್ಲಿಗೆ ಮುಟ್ಟಿದನು. ಈ ಸಲ ತೋಪುಗಳು ಜೊತೆಯಲ್ಲಿದ್ದವು. ಜುಲೈ 1ರಂದು ಪೋರ್ಟೋನೋವೋದಲ್ಲಿ ನಡೆದ ಯುದ್ಧದಲ್ಲಿ ಅವನು ಸೋತನು. ಆದರೆ ಸೋತ ಸಂಜೆ ಅವನ ತೋಪುಗಳು ರಣರಂಗದಲ್ಲಿ ಇರಲಿಲ್ಲ. ಎತ್ತುಗಳು ಅವನ್ನು ಶತ್ರುವಿನ ಕಣ್ಣೆದುರೇ ಎಳೆದುಕೊಂಡು ಹೋಗಿದ್ದವು. ಗೆದ್ದ ಕೂಟನಿಗೆ ಬೆನ್ನಟ್ಟಲು ಎತ್ತುಗಳಿರಲಿಲ್ಲ, ದಿನಸಿಯಿರಲಿಲ್ಲ. ಮುಂದಿನ ಸೋಲುಗಳಲ್ಲಿಯೂ ಹೀಗೆಯೇ ಆಯಿತು. ಚಿನಕುರಳಿಗೂ ಪೋರ್ಟೋನೋವೋಗೂ ನಡುವೆ ಹತ್ತು ವರ್ಷ. ಹೈದರನು ಗೆಲ್ಲುವುದನ್ನು ಕಲಿತುದಕ್ಕಿಂತ ಸೋತು ಹಿಂದಿರುಗುವುದನ್ನು ಕಲಿತುದೇ ಅವನ ದೊಡ್ಡ ವಿದ್ಯೆಯೆಂದು ನಾನು ಭಾವಿಸುತ್ತೇನೆ.

1782ರ ಡಿಸೆಂಬರ್ 7ರಂದು, ಬೆನ್ನಿನ ಹುಣ್ಣಿನಿಂದ ನರಳಿ, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಅವನು ತೀರಿಕೊಂಡನು. ಟಿಪ್ಪು ಮಲಬಾರಿನಲ್ಲಿದ್ದನು. ಪೂರ್ಣಯ್ಯ ಮೊದಲಾದ ಮಂತ್ರಿಗಳು ಮರಣವನ್ನು ಗುಟ್ಟಾಗಿಟ್ಟು, ಶವವನ್ನು ಬೊಕ್ಕಸದ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಿದರು. ಬಳಿಕ ಅದು ಗಂಜಾಮಿಗೆ ಬಂದು, ಟಿಪ್ಪು ಕಟ್ಟಿಸಿದ ಗುಂಬಜಿನಲ್ಲಿ ನೆಲೆಗೊಂಡಿತು. ಅಷ್ಟು ಓಡಿದ ಜೀವದ ಕೊನೆಯ ಪ್ರಯಾಣ ನಿಧಾನವಾಗಿಯೇ ನಡೆಯಿತು.

ಎತ್ತಿನ ಜಾತಕ ಮಾತ್ರ ಇಲ್ಲಿಗೆ ಮುಗಿಯಲಿಲ್ಲ. ಟಿಪ್ಪು ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟು, ಮಂದೆಯ ಪಾಲನೆಗೆ ಕಟ್ಟಳೆಗಳನ್ನು ಬರೆಸಿದನು. 1783ರಲ್ಲಿ ಹೈದರನಗರವನ್ನು ಮರಳಿ ಗೆಲ್ಲಲು ಒಂದು ತಿಂಗಳಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನಾಡನ್ನು ಅಡ್ಡಹಾಯ್ದನು. 1799ರ ಮೇ 4ರಂದು ಪಟ್ಟಣ ಬಿದ್ದಾಗ ಮಂದೆ ಕಂಪೆನಿಯದಾಯಿತು. ಇಲ್ಲಿ ಅಧಿಕಾರದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯು 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಎತ್ತುಗಳ ಬೆಲೆಯನ್ನು ಅರಿತುಕೊಂಡನು. ಆರೈಕೆ ತಪ್ಪಿ ತಳಿ ಕೆಟ್ಟಾಗ, 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬುವನನ್ನು ಅದರ ಮೇಲೆ ನೇಮಿಸಿದರು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಮಂದೆಯನ್ನೇ ಮಾರಿದರು. ತಪ್ಪು ತಿಳಿದು 1866ರಲ್ಲಿ ಮತ್ತೆ ಕೂಡಿಸಿದರು. 1882ರಲ್ಲಿ ಅದು ಹಣ ಕೊಟ್ಟ ಮೈಸೂರು ಸರಕಾರಕ್ಕೆ ಮರಳಿತು. ಈಗ ಅಜ್ಜಂಪುರದಲ್ಲಿ ಸರಕಾರದ ಅಮೃತಮಹಲ್ ಕೇಂದ್ರವಿದೆ. ಆದರೆ ಎಳೆಯಲು ತೋಪಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಕಾವಲುಗಳು ಒತ್ತುವರಿಯಿಂದ ಕರಗಿವೆ. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿದೆ.

ಇಷ್ಟು ಒಡೆಯರ ಹೆಸರುಗಳು ನಮಗೆ ದೊರೆಯುತ್ತವೆ. ಆದರೆ ಚಿದಂಬರದ ದಾರಿಯಲ್ಲಿ ಆ ಎತ್ತುಗಳ ಪಕ್ಕದಲ್ಲಿ ಓಡಿದ, ರಾತ್ರಿ ಮೇವು ಹಾಕಿದ, ಗುಂಡಿನ ಮಳೆಯಲ್ಲಿ ನೊಗ ಹೂಡಿದ ಆಳುಗಳಲ್ಲಿ ಒಬ್ಬನ ಹೆಸರೂ ಚರಿತ್ರೆಯ ಪುಸ್ತಕಗಳಲ್ಲಿ ನನಗೆ ಕಾಣಸಿಗಲಿಲ್ಲ. ಆ ವಿದ್ಯೆಯ ತುಣುಕುಗಳು ಇಂದಿಗೂ ನಮ್ಮ ಸುತ್ತ ಉಳಿದಿವೆ. ಹೇಮಗಿರಿಯ ದನಗಳ ಜಾತ್ರೆಯಲ್ಲಿ, ನಾಗಮಂಗಲದ ಕಡೆಯ ಹಳ್ಳಿಕಾರ್ ಜೋಡಿಗಳನ್ನು ಸಾಕುವವರಲ್ಲಿ, ಗಾಡಿ ಓಟಕ್ಕೆ ಹೋರಿ ಪಳಗಿಸುವವರಲ್ಲಿ ಅದನ್ನು ಕಾಣಬಹುದು. ಯಾವ ಹೋರಿ ಯಾರ ಮನೆಯದು, ಅದರ ತಾಯಿ ಯಾವುದು, ಎಷ್ಟು ಕೈ ಬದಲಾಯಿಸಿತು ಎಂಬುದು ಅಲ್ಲಿನ ಮುದುಕರಿಗೆ ಬಾಯಿಪಾಠ. ಚರಿತ್ರೆಯನ್ನು ಓದುವ ನಮ್ಮ ಮಿತ್ರರು ರಜೆಯಲ್ಲಿ ನಾಲ್ಕು ದಿನ ಅವರ ಬಳಿ ಕುಳಿತು ಅದನ್ನು ಬರೆದುಕೊಂಡರೆ, ಗುಂಬಜಿನ ಕಲ್ಲಿನಲ್ಲಿ ಸಿಕ್ಕದ ಹೈದರನ ಕಾಲ ನಮಗೆ ಸಿಕ್ಕೀತು. ಆ ಕೆಲಸಕ್ಕೆ ಬಹಳ ಸಮಯವಿಲ್ಲ, ಬಲ್ಲವರಿಗೆಲ್ಲ ವಯಸ್ಸಾಗುತ್ತಿದೆ.