ದೀಪಧಾರಿಣಿ ಬರೆದ ನೀಲಿ ಚಿತ್ರ

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಕೈಯಲ್ಲಿ ದೀಪ ಹಿಡಿದು, ನಡುರಾತ್ರಿಯಲ್ಲಿ ಗಾಯಾಳು ಸೈನಿಕರನ್ನು ವಿಚಾರಿಸುತ್ತ ನಡೆದ ಆ ಮಹಾತಾಯಿಯ ಕತೆ ನಮಗೆ ಚಿರಪರಿಚಿತ. ಆದರೆ ಆಕೆಯ ಇನ್ನೊಂದು ಕೈಯಲ್ಲಿ ಲೇಖನಿಯೂ ಇತ್ತು, ತಲೆಯಲ್ಲಿ ಲೆಕ್ಕವೂ ಇತ್ತು ಎಂಬುದು ಅನೇಕರಿಗೆ ತಿಳಿಯದು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇಂಗ್ಲೆಂಡಿನ ಸಿರಿವಂತ ದಂಪತಿಗಳಿಗೆ ಆಕೆ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸಗಳನ್ನು ಕಲಿಸಿದರು. ಗಣಿತದಲ್ಲಿ ಆಕೆಗೆ ವಿಶೇಷ ಆಸಕ್ತಿ. ರೋಗಿಗಳ ಸೇವೆಯೇ ತನ್ನ ಬಾಳಿನ ದಾರಿಯೆಂದು ಆಕೆ ನಿಶ್ಚಯಿಸಿದಾಗ ಮನೆಯವರು ಬಲವಾಗಿ ವಿರೋಧಿಸಿದರು. ದಾದಿಯ ಕೆಲಸಕ್ಕೆ ಅಂದು ಮರ್ಯಾದೆಯಿರಲಿಲ್ಲ. ಆದರೂ ಛಲ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದಳು.

1854ರಲ್ಲಿ ಬ್ರಿಟನ್ ಕ್ರಿಮಿಯಾ ಯುದ್ಧಕ್ಕಿಳಿಯಿತು. ಅದೇ ನವೆಂಬರ್ ತಿಂಗಳಲ್ಲಿ 38 ಮಂದಿ ದಾದಿಯರೊಡನೆ ಆಕೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಅಲ್ಲಿ ಇಲಿ, ಹೇನು, ದುರ್ಗಂಧ. ಕಟ್ಟಡದ ಅಡಿಯಲ್ಲಿ ಕಟ್ಟಿನಿಂತ ಕೊಳಚೆ. ದಾದಿಯರು ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ. 1855ರ ಮಾರ್ಚಿನಲ್ಲಿ ಸರಕಾರ ಕಳುಹಿಸಿದ ನೈರ್ಮಲ್ಯ ಮಂಡಳಿಯವರು ಬಂದು ಚರಂಡಿಗಳನ್ನು ತೊಳೆಸಿ, ಗಾಳಿ ಬೆಳಕಿಗೆ ದಾರಿ ಮಾಡಿದ ಮೇಲೆ ಸಾವಿನ ಪ್ರಮಾಣ ಇಳಿಯತೊಡಗಿತು.

1856ರಲ್ಲಿ ಊರಿಗೆ ಮರಳಿದ ಮೇಲೆ, ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಆಕೆ ಸತ್ತವರ ಲೆಕ್ಕವನ್ನು ಪರಿಶೀಲಿಸಿದಳು. 1855ರ ಜನವರಿ ಒಂದೇ ತಿಂಗಳಲ್ಲಿ 2,761 ಸೈನಿಕರು ಕಾಲರಾ, ಅತಿಸಾರ, ಜ್ವರಗಳಂತಹ ತಡೆಯಬಹುದಾದ ರೋಗಗಳಿಂದ ಮಡಿದಿದ್ದರು. ಗಾಯಗಳಿಂದ ಸತ್ತವರು 83 ಮಂದಿ ಮಾತ್ರ. ಇತರ ಕಾರಣಗಳಿಂದ 324. ಅಂದರೆ ಸೈನ್ಯವನ್ನು ನುಂಗಿದ್ದು ಶತ್ರುವಿನ ಗುಂಡಲ್ಲ, ತಮ್ಮದೇ ಪಾಳೆಯದ ಕೊಳಕು!

ಈ ಸತ್ಯವನ್ನು ಅಧಿಕಾರಿಗಳ ಮನಸ್ಸಿಗೆ ಮುಟ್ಟಿಸುವುದು ಹೇಗೆ? ಅಂಕಿಗಳ ಉದ್ದನೆಯ ಪಟ್ಟಿಯನ್ನು ಓದುವ ತಾಳ್ಮೆ ಯಾರಿಗಿದೆ? ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1801ರಲ್ಲೇ ವೃತ್ತವನ್ನು ಹೋಳುಗಳಾಗಿ ವಿಂಗಡಿಸಿ ಅಂಕಿಗಳನ್ನು ತೋರಿಸಿದ್ದನು. ನೈಟಿಂಗೇಲ್ 1858ರಲ್ಲಿ ತನ್ನದೇ ರೀತಿಯ ವೃತ್ತ ನಕ್ಷೆಯನ್ನು ರಚಿಸಿದಳು. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳುಗಳು. ತಡೆಯಬಹುದಾದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದುದಕ್ಕೆ ಕಪ್ಪು. ಹಾಳೆ ಬಿಡಿಸಿದೊಡನೆ ಕಣ್ಣಿಗೆ ರಾಚುವುದು ಆ ನೀಲಿಯೇ. ಹೇಳಬೇಕಾದ ಮಾತು ಒಂದೇ. ಅದನ್ನು ಬಣ್ಣವೇ ಹೇಳಿತು.

ಇಲ್ಲಿ ಆಕೆಯ ಪ್ರಾಮಾಣಿಕತೆಯನ್ನೂ ಗಮನಿಸಬೇಕು. ತ್ರಿಜ್ಯವನ್ನು ಎರಡು ಪಟ್ಟು ಮಾಡಿದರೆ ಕ್ಷೇತ್ರಫಲ ನಾಲ್ಕು ಪಟ್ಟಾಗುತ್ತದೆಂದು ನಾವು ಗಣಿತದಲ್ಲಿ ಕಲಿತಿದ್ದೇವಷ್ಟೆ. ಸಾವಿನ ಸಂಖ್ಯೆಗೆ ತಕ್ಕಂತೆ ತ್ರಿಜ್ಯವನ್ನು ಎಳೆದಿದ್ದರೆ ನೀಲಿ ಇದ್ದುದಕ್ಕಿಂತಲೂ ಭಯಂಕರವಾಗಿ ಕಾಣುತ್ತಿತ್ತು. ಅದು ಸುಳ್ಳಾಗುತ್ತಿತ್ತು. ಆದುದರಿಂದ ಆಕೆ ಕ್ಷೇತ್ರಫಲವನ್ನೇ ಸಂಖ್ಯೆಗೆ ಅನುಪಾತವಾಗಿರಿಸಿದಳು. ಎದ್ದು ಕಾಣುವಂತೆ ತೋರಿಸುವುದು ಬೇರೆ, ಉಬ್ಬಿಸಿ ತೋರಿಸುವುದು ಬೇರೆ.

ಸೈನ್ಯದ ಬ್ಯಾರಕ್ಕು, ಆಸ್ಪತ್ರೆಗಳ ಸುಧಾರಣೆಗೆ ಈ ನಕ್ಷೆಗಳು ಬಲ ನೀಡಿದವು. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು.

ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೇನಾ ಠಾಣ್ಯಗಳಿಂದ ಲೆಕ್ಕ ತರಿಸಿಕೊಂಡು ಅಭ್ಯಾಸ ಮಾಡಿದಳು. ಸಾವಿರ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಇಲ್ಲಿ ಸಾಯುತ್ತಿದ್ದರೆಂದು 1863ರ ರಾಯಲ್ ಆಯೋಗದ ವರದಿ ತಿಳಿಸಿತು. ಮರುವರ್ಷ ಬಂಗಾಳ, ಬೊಂಬಾಯಿ, ಮದ್ರಾಸ್ ಪ್ರಾಂತಗಳಲ್ಲಿ ನೈರ್ಮಲ್ಯ ಆಯೋಗಗಳು ಸ್ಥಾಪನೆಯಾದವು. ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮುಂದೆ ಸೈನಿಕರಷ್ಟೇ ಅಲ್ಲ, ಭಾರತದ ಹಳ್ಳಿಗರ ನೀರು, ಚರಂಡಿಗಳ ಕುರಿತೂ ಆಕೆ ಬರೆಯುತ್ತಲೇ ಇದ್ದಳು. 1910ರ ಆಗಸ್ಟ್ 13ರಂದು ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಹುಟ್ಟುಹಬ್ಬವನ್ನು ಇಂದು ಲೋಕವೆಲ್ಲ ದಾದಿಯರ ದಿನವಾಗಿ ಆಚರಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಜೀಪಿನ ಚಾಲಕನೆದುರಿನ ಫಲಕದಂತೆ, ಕಚೇರಿ ಆಸ್ಪತ್ರೆಗಳ ಮುಖ್ಯ ಅಂಕಿಗಳನ್ನು ಒಂದೆಡೆ ತೋರಿಸುವ ಗಣಕಯಂತ್ರದ ಪರದೆಗೆ ಇಂದು ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಅದರಲ್ಲಿ ಉದ್ದಿನ ವಡೆಯಂತೆ ನಡುವೆ ತೂತಿರುವ ವೃತ್ತ ನಕ್ಷೆಯೊಂದಿರುತ್ತದೆ. ಅದಕ್ಕೆ ಡೋನಟ್ ಚಾರ್ಟ್ ಎಂದು ಹೆಸರು. ನೈಟಿಂಗೇಲಳ ಜನವರಿ ತಿಂಗಳ ಲೆಕ್ಕದಿಂದ ನೀವೂ ಅದನ್ನು ಬರೆಯಬಹುದು. ಒಟ್ಟು ಸಾವು 3,168. ಅದರಲ್ಲಿ ತಡೆಯಬಹುದಾದ ರೋಗಗಳ ಪಾಲು ಶೇಕಡಾ 87. ಶೇಕಡಾ ಒಂದಕ್ಕೆ 3.6 ಡಿಗ್ರಿಯಾದುದರಿಂದ ಸುಮಾರು 314 ಡಿಗ್ರಿ. ಇತರ ಕಾರಣಗಳಿಗೆ 37, ಗಾಯಗಳಿಗೆ 9 ಡಿಗ್ರಿ. ಕೈವಾರದಿಂದ ಒಂದೇ ಕೇಂದ್ರವುಳ್ಳ ಎರಡು ವೃತ್ತಗಳನ್ನೆಳೆದು, ನಡುವಿನ ಬಳೆಯನ್ನು ಹೀಗೆ ಭಾಗಿಸಿ. 314 ಡಿಗ್ರಿಯ ಭಾಗಕ್ಕೆ ಗಾಢ ನೀಲಿ ಹಚ್ಚಿ, ಉಳಿದವೆರಡು ತಿಳಿಬೂದಿಯಾಗಿರಲಿ. ನಡುವಿನ ತೂತಿನಲ್ಲಿ 87 ಎಂದು ದೊಡ್ಡದಾಗಿ ಬರೆಯಿರಿ. ಹತ್ತಾರು ಹೋಳು, ಹತ್ತಾರು ಬಣ್ಣ ತುಂಬಿದರೆ ನೋಡುವವನ ಕಣ್ಣು ಎಲ್ಲೂ ನಿಲ್ಲದು.

ಆದರೆ ಬಣ್ಣ ಹಚ್ಚುವ ಮೊದಲು, ಎಷ್ಟೋ ಅಂಕಿಗಳ ನಡುವೆ ಜನರ ಜೀವ ಉಳಿಸಬಲ್ಲ ಅಂಕಿ ಯಾವುದೆಂದು ಹುಡುಕಿ ತೆಗೆಯಬೇಕು. ನೈಟಿಂಗೇಲ್ ಮಾಡಿದ್ದು ಆ ಕೆಲಸವನ್ನು.