ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (೧೮೮೬–೧೯೬೫) ಮೈಸೂರು ಸಂಸ್ಥಾನದ ಪ್ರಸಿದ್ಧ ಜಲವರ್ಣ ಚಿತ್ರಕಾರರು, ಉಬ್ಬುಶಿಲ್ಪಿ ಹಾಗೂ ವೈಣಿಕರು. ಅಜಂತದ ಭಿತ್ತಿಚಿತ್ರಗಳ ಪ್ರತಿ ತೆಗೆದ ಕಲಾವಿದರಲ್ಲಿ ಅವರೂ ಒಬ್ಬರು.

ಬಾಲ್ಯ ಮತ್ತು ಶಿಕ್ಷಣ

ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಸಾಂಪ್ರದಾಯಿಕ ಚಿತ್ರಗಾರರ ಮನೆತನದಲ್ಲಿ ವೆಂಕಟಪ್ಪನವರು ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ೧೯೦೯ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಅವರ ಸಹಪಾಠಿಗಳು.

ಅಜಂತದ ಪ್ರತಿಚಿತ್ರಗಳು

ಗೋಡೆಯ ಚಿತ್ರ ಕಾಲಕ್ರಮದಲ್ಲಿ ಅಳಿಯುತ್ತದೆ. ಬಾದಾಮಿಯ ೩ನೆಯ ಗುಹೆಯ ಮೇಲ್ಛಾವಣಿಯಲ್ಲಿ ಮಸುಕಾಗಿ ಉಳಿದ ವರ್ಣಚಿತ್ರದ ತುಣುಕುಗಳನ್ನು ಕಂಡಿರುವ ಜಮಖಂಡಿ, ಮುಧೋಳ, ಬೀಳಗಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಜಂತದಲ್ಲಿ ಪ್ರತಿಗಳಿಗೂ ಉಳಿವು ಸುಲಭವಾಗಿರಲಿಲ್ಲ. ೧೮೪೪ರಿಂದ ರಾಬರ್ಟ್ ಗಿಲ್ ಶ್ರಮಪಟ್ಟು ಬರೆದ ತೈಲಚಿತ್ರಗಳಲ್ಲಿ ಬಹುಪಾಲು ೧೮೬೬ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಬಳಿಕ ಜಾನ್ ಗ್ರಿಫಿತ್ಸ್ ಮುಂಬಯಿಯ ವಿದ್ಯಾರ್ಥಿಗಳೊಡನೆ ಸಿದ್ಧಪಡಿಸಿದವುಗಳಲ್ಲಿಯೂ ಅನೇಕವು ೧೮೮೫ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಸುಟ್ಟುಹೋದವು. ಇದಲ್ಲದೆ, ಪ್ರತಿ ತೆಗೆಯುವಾಗ ಮೂಲಚಿತ್ರಗಳ ಮೇಲೆ ಬಳಿದ ವಾರ್ನಿಷ್ ಅವುಗಳಿಗೆ ಹಾನಿಯನ್ನೇ ಮಾಡಿತು.

ಆಂಗ್ಲ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಂ ಮೂರನೆಯ ಬಾರಿ ಈ ಕಾರ್ಯಕ್ಕೆ ತೊಡಗಿದಾಗ, ಕಲ್ಕತ್ತೆಯಿಂದ ಹೋದ ಶಿಷ್ಯರಲ್ಲಿ ವೆಂಕಟಪ್ಪನವರೂ ಇದ್ದರು. ಹೈದರಾಬಾದಿನ ಸೈಯದ್ ಅಹಮದ್ ಮತ್ತು ಫಜಲುದ್ದೀನ್ ಜೊತೆಗಿದ್ದರು. ಮಂದ ಬೆಳಕಿನ ಗುಹೆಗಳಲ್ಲಿ ಕುಳಿತು, ಉದುರಿಹೋದ ಭಾಗವನ್ನು ಊಹೆಯಿಂದ ತುಂಬದೆ, ಕಂಡಷ್ಟನ್ನೇ ಬರೆಯುವುದು ಕಠಿಣವಾದ ಶಿಸ್ತು. ಈ ಪ್ರತಿಗಳು ೧೯೧೫ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯ ಮೂಲಕ ಗ್ರಂಥರೂಪದಲ್ಲಿ ಪ್ರಕಟವಾದವು.

ನಂತರದ ಜೀವನ

ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾ ಗ್ರಂಥಕ್ಕೆ (೧೯೧೩) ವೆಂಕಟಪ್ಪನವರು ರಾಮಾಯಣದ ಚಿತ್ರಗಳನ್ನು ಬರೆದರು. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದರು. ಮಂಜು, ಮೋಡ, ಮುಂಜಾವಿನ ಬೆಳಕನ್ನು ಹಿಡಿದಿರುವ ಅವರ ಊಟಿ ಮತ್ತು ಕೊಡೈಕಾನಲ್ ಚಿತ್ರಗಳು ಕನ್ನಡನಾಡಿನ ಜಲವರ್ಣ ಕಲೆಯಲ್ಲಿ ಅತ್ಯುತ್ತಮವಾದವುಗಳೆಂದು ಹೇಳಬಹುದು.

ಅರಮನೆಗಾಗಿ ಅವರು ಗಾರೆಯ ಉಬ್ಬುಶಿಲ್ಪಗಳನ್ನು ರಚಿಸುತ್ತಿದ್ದರು. ೧೯೪೦ರಲ್ಲಿ ನಾಲ್ವಡಿಯವರು ನಿಧನರಾದ ಬಳಿಕ ಸಂಭಾವನೆಯ ವಿಷಯದಲ್ಲಿ ವಿವಾದವೆದ್ದಿತು. ಕಲಾವಿದನ ಶ್ರಮಕ್ಕೆ ಬೆಲೆ ಕಟ್ಟುವುದು ಹೇಗೆಂಬ ಪ್ರಶ್ನೆಯನ್ನು ಅವರು ನ್ಯಾಯಾಲಯಕ್ಕೆ ಒಯ್ದರು. ತೀರ್ಪು ಅವರ ಪರವಾಗಿ ಬರಲಿಲ್ಲ. ಅವಿವಾಹಿತರಾಗಿಯೇ ಉಳಿದ ಅವರು ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಅವರ ಕೃತಿಗಳನ್ನು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಸಂರಕ್ಷಿಸಲಾಗಿದೆ.